ವೆಲ್ಡರ್ ಗಂಡ, ನರ್ಸ್ ಹೆಂಡತಿ: ಪಿಆರ್ ಅರ್ಜಿ ಯಾರ ಹೆಸರಲ್ಲಿ?

ಪ್ರಶ್ನೆ: ನಾನು ಕುಂದಾಪುರದ ಕಡೆಯವನು. ಅಬುಧಾಬಿಯ ಒಂದು ಫ್ಯಾಬ್ರಿಕೇಶನ್ ಯಾರ್ಡ್‌ನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ನನ್ನ ಗ್ಯಾಂಗ್‌ನಲ್ಲಿ ಒಬ್ಬ ಫಿಲಿಪಿನೋ ವೆಲ್ಡರ್ ಇದ್ದಾನೆ. ಅವನಿಗೆ 36 ವರ್ಷ, ಇಲ್ಲಿಗೆ ಬಂದು ಒಂಬತ್ತು ವರ್ಷ ಆಯಿತು. ನನ್ನನ್ನು 'ಕುಯಾ' ಎಂದು ಕರೆಯುತ್ತಾನೆ, ಅವರ ಭಾಷೆಯಲ್ಲಿ ಅಣ್ಣ ಎಂದು. ಹೆಂಡತಿಗೆ 31, ದುಬೈನಲ್ಲಿ ನರ್ಸ್. ಊರಲ್ಲಿ ಎರಡು ವರ್ಷ, ಇಲ್ಲಿ ಐದು ವರ್ಷ ಕೆಲಸ ಮಾಡಿದ್ದಾಳೆ. ಇಬ್ಬರು ಮಕ್ಕಳು ಇಲೊಯಿಲೊದಲ್ಲಿ ಅಜ್ಜಿಯ ಹತ್ತಿರ ಇದ್ದಾರೆ. ಆಸ್ಟ್ರೇಲಿಯಾ ಪಿಆರ್ (ಕಾಯಂ ಆಗಿ ನೆಲೆಸುವ ಅನುಮತಿ) ಗ್ಯಾರಂಟಿ ಎಂದು ಒಬ್ಬ ಏಜೆಂಟ್ 20,000 ದಿರ್ಹಮ್ ಕೇಳುತ್ತಿದ್ದಾನೆ, ಅರ್ಜಿ ಗಂಡನ ಹೆಸರಿನಲ್ಲಂತೆ. ಇದನ್ನು ನಂಬಬಹುದಾ? ಅವರ ದೇಶದ ಕಡೆಯಿಂದಲೂ ಏನೇನೋ ಪೇಪರ್ ಬೇಕಂತೆ, ಅದೇನು? ನನಗೂ 41 ಆಯಿತು, ಡಿಪ್ಲೊಮಾ ಮೆಕ್ಯಾನಿಕಲ್. ನಾನೂ ನೋಡಬಹುದಾ?

ಉತ್ತರ: ಆ 20,000 ದಿರ್ಹಮ್ ಜೇಬಲ್ಲೇ ಇರಲಿ ಎಂದು ಮೊದಲು ಹೇಳಿ. ವೀಸಾ ಕೊಡುವ ಅಧಿಕಾರಿಯೇ ಫೈಲ್ ನೋಡುವ ಮೊದಲು ಗ್ಯಾರಂಟಿ ಕೊಡುವುದಿಲ್ಲ, ಇನ್ನು ಏಜೆಂಟ್ ಎಲ್ಲಿಂದ ಕೊಡುತ್ತಾನೆ? ಆಸ್ಟ್ರೇಲಿಯಾದೊಳಗೆ ಕೂತು ವಲಸೆ ಸಲಹೆ ಕೊಡುವವರು ವಕೀಲರಾಗಿರಬೇಕು, ಇಲ್ಲವೇ ಸರ್ಕಾರದಲ್ಲಿ ನೋಂದಾಯಿಸಿಕೊಂಡ ಏಜೆಂಟರಾಗಿರಬೇಕು. ನೋಂದಾಯಿತರಿಗೆ ಏಳಂಕಿಯ ನಂಬರ್ ಇರುತ್ತದೆ, ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಹಾಕಿ ನೋಡಬಹುದು. ಗಲ್ಫ್‌ನಲ್ಲಿ ಅಂಗಡಿ ತೆರೆದವರಿಗೆ ಆ ಕಾನೂನು ತಟ್ಟುವುದಿಲ್ಲ, ಅದಕ್ಕೇ ಅಲ್ಲಿ ಗ್ಯಾರಂಟಿ ಮಾತು ಜಾಸ್ತಿ. ಇನ್ನೊಂದು ವಿಷಯ. ಸ್ಕಿಲ್‌ಸೆಲೆಕ್ಟ್ ಎಂಬ ಸರ್ಕಾರಿ ತಾಣದಲ್ಲಿ 'ನಾನು ಬರಲು ಸಿದ್ಧ' ಎಂದು ಹೆಸರು ಹಾಕುವುದಕ್ಕೆ ಇಒಐ ಎನ್ನುತ್ತಾರೆ. ಅದು ಪೂರ್ತಿ ಉಚಿತ. ಕೆಲವರು ಅದನ್ನೇ ಹಾಕಿ "ನಿಮ್ಮ ಫೈಲ್ ಓಪನ್ ಆಯಿತು" ಎಂದು ಮೊದಲ ಕಂತು ಎಣಿಸಿಕೊಳ್ಳುತ್ತಾರೆ.

ಇದಕ್ಕಿಂತ ದೊಡ್ಡ ತಪ್ಪು ಬೇರೆ ಇದೆ. ಆ ಏಜೆಂಟ್ ಅರ್ಜಿಯನ್ನು ತಪ್ಪು ಮನುಷ್ಯನ ಹೆಸರಲ್ಲಿ ಹಾಕಲು ಹೊರಟಿದ್ದಾನೆ. ಬನ್ನಿ, ಲೆಕ್ಕ ಹಾಕೋಣ.

ಆಸ್ಟ್ರೇಲಿಯಾದ ಅಂಕಪದ್ಧತಿಯಲ್ಲಿ ಕನಿಷ್ಠ 65 ಬೇಕು, ವಯಸ್ಸು 45ರೊಳಗೆ ಇರಬೇಕು. ನಿಮ್ಮ ವೆಲ್ಡರ್ ಗೆಳೆಯನಿಗೆ 36, ಅದಕ್ಕೆ 25 ಅಂಕ. ಎಂಟು ವರ್ಷ ಮೀರಿದ ವಿದೇಶಿ ಅನುಭವಕ್ಕೆ 15. ಫಿಲಿಪೀನ್ಸ್‌ನ ಟೆಸ್ಡಾ ಸಂಸ್ಥೆ ಕೊಡುವ ಎನ್‌ಸಿ-2 ಪ್ರಮಾಣಪತ್ರ ಇದ್ದು, ಅದನ್ನು ಆಸ್ಟ್ರೇಲಿಯಾದವರು ಒಪ್ಪಿದರೆ 10. ಇಂಗ್ಲಿಷ್‌ನಲ್ಲಿ ಐಇಎಲ್‌ಟಿಎಸ್‌ನ ನಾಲ್ಕೂ ವಿಭಾಗದಲ್ಲಿ 6 ಬಂದರೆ ಅರ್ಹತೆ ಮಾತ್ರ, ಅಂಕ ಸೊನ್ನೆ. ಹೆಂಡತಿಗೂ ವೃತ್ತಿ ಮೌಲ್ಯಮಾಪನ ಆಗಿದ್ದರೆ, ಅಂದರೆ ಅವಳ ಕಸುಬನ್ನು ಆಸ್ಟ್ರೇಲಿಯಾದ ಸಂಸ್ಥೆ ಅಳೆದು ಒಪ್ಪಿದ್ದರೆ, 10. ಒಟ್ಟು 60. ಬಾಗಿಲ ಹೊರಗೇ ನಿಂತ ಹಾಗಾಯಿತು. ಎಲ್ಲ ವಿಭಾಗದಲ್ಲೂ 7 ತೆಗೆದರೆ ಇನ್ನೂ 10 ಸೇರಿ 70 ಆಗುತ್ತದೆ. ಆದರೆ ದಿನಕ್ಕೆ ಹತ್ತು ತಾಸು ಹೆಲ್ಮೆಟ್ ಒಳಗೆ ಕಣ್ಣಿಟ್ಟು ಕೆಲಸ ಮಾಡುವವನಿಗೆ ರೈಟಿಂಗ್‌ನಲ್ಲಿ 7 ತರುವುದು ಸುಲಭವಲ್ಲ, ಅಲ್ವಾ?

ಈಗ ಹೆಂಡತಿಯ ಹೆಸರಲ್ಲಿ ನೋಡಿ. 25ರಿಂದ 32ರ ವಯಸ್ಸಿಗೆ ಪೂರ್ತಿ 30 ಅಂಕ. ಪದವಿಗೆ 15. ಏಳು ವರ್ಷದ ಅನುಭವಕ್ಕೆ 10. ಇಂಗ್ಲಿಷ್‌ನ ನಾಲ್ಕೂ ವಿಭಾಗದಲ್ಲಿ 7 ಬಂದರೆ 10, ನರ್ಸಿಂಗ್ ನೋಂದಣಿಗೂ ಹೇಗೂ ಹೆಚ್ಚುಕಡಿಮೆ ಅದೇ ಮಟ್ಟ ಬೇಕು, ರೈಟಿಂಗ್‌ನಲ್ಲಿ ಮಾತ್ರ 6.5 ಸಾಕು. ಗಂಡನ ವೆಲ್ಡಿಂಗ್ ಕಸುಬಿಗೆ ಮೌಲ್ಯಮಾಪನ ಆಗಿ ಅವನಿಗೆ ಐಇಎಲ್‌ಟಿಎಸ್ 6 ಬಂದರೆ 10. ಒಟ್ಟು 75. ಗಂಡನ ಮೌಲ್ಯಮಾಪನ ಆಗದಿದ್ದರೂ ಅವನ ಇಂಗ್ಲಿಷ್ ಒಂದಕ್ಕೇ 5 ಸಿಗುತ್ತದೆ, ಆಗ 70. ಅದೇ ಮನೆ, ಅದೇ ಇಬ್ಬರು. ಮೇಲಿನ ಹೆಸರು ಬದಲಾಗಿದ್ದಕ್ಕೆ 15 ಅಂಕದ ವ್ಯತ್ಯಾಸ. ಸಾಲದ್ದಕ್ಕೆ, ಇಒಐ ಹಾಕಿದವರನ್ನು ಅರ್ಜಿಗೆ ಆಹ್ವಾನಿಸುವ ಇತ್ತೀಚಿನ ಸುತ್ತುಗಳಲ್ಲಿ ಸಾಫ್ಟ್‌ವೇರ್‌ನವರಿಗೆ, ಅಕೌಂಟೆಂಟ್‌ಗಳಿಗೆ ಬೇಕಾದಷ್ಟು ಅಂಕ ನರ್ಸ್‌ಗಳಿಗೆ ಬೇಕಾಗುತ್ತಿಲ್ಲ.

ಒಂದು ಎಚ್ಚರಿಕೆ. ವಯಸ್ಸನ್ನು ನೋಡುವುದು ಆಹ್ವಾನ ಬಂದ ದಿನಕ್ಕೆ. ಆಕೆಗೆ 33 ತುಂಬಿದ ಬೆಳಿಗ್ಗೆ ಐದು ಅಂಕ ಹೋಗುತ್ತದೆ. ಕೈಯಲ್ಲಿರುವುದು ಎರಡು ವರ್ಷಕ್ಕೂ ಕಡಿಮೆ, ನರ್ಸಿಂಗ್ ದಾರಿಗೆ ಅಷ್ಟು ಸಮಯ ಬೇಕಾಗಲೂಬಹುದು.

ಆ ದಾರಿ ಹೀಗಿದೆ. ಇಲ್ಲಿ ಎರಡು ಬಾಗಿಲು, ಎರಡನ್ನೂ ಒಂದೇ ಎಂದುಕೊಂಡು ಎಷ್ಟೋ ಜನ ಎಡವುತ್ತಾರೆ. ಕೆಲಸ ಮಾಡಲು ಲೈಸೆನ್ಸ್ ಕೊಡುವುದು ಆಪ್ರಾ ಎಂಬ ಸಂಸ್ಥೆ. ವೀಸಾಗಾಗಿ ವೃತ್ತಿ ಮೌಲ್ಯಮಾಪನ ಮಾಡುವುದು ಆನ್‌ಮ್ಯಾಕ್. ಫಿಲಿಪೀನ್ಸ್‌ನ ನಾಲ್ಕು ವರ್ಷದ ಬಿಎಸ್‌ಎನ್ ನರ್ಸಿಂಗ್ ಪದವಿ ಓದಿದವರು ಸಾಮಾನ್ಯವಾಗಿ ಆಪ್ರಾದಲ್ಲಿ ಪರೀಕ್ಷೆ ಬರೆಯಬೇಕಾಗುತ್ತದೆ. ಮೊದಲು ಎನ್‌ಕ್ಲೆಕ್ಸ್, ಅಂದರೆ ಅಮೆರಿಕಕ್ಕೆ ಹೋಗುವ ನರ್ಸ್‌ಗಳು ಬರೆಯುವ ಅದೇ ಕಂಪ್ಯೂಟರ್ ಪರೀಕ್ಷೆ. ಆಮೇಲೆ ಆಸ್ಕಿ, ಇದು ಆಸ್ಟ್ರೇಲಿಯಾಗೆ ಬಂದು ಕೊಡಬೇಕಾದ ಪ್ರಾಯೋಗಿಕ ಪರೀಕ್ಷೆ. ಗೊಂಬೆ ರೋಗಿ, ನಟಿಸುವ ರೋಗಿ, ಪ್ರತಿ ಸ್ಟೇಷನ್‌ಗೂ ಗಡಿಯಾರ ಹಿಡಿದ ಪರೀಕ್ಷಕ. ಕೈ ತೊಳೆಯುವುದು, ರೋಗಿಯ ಹೆಸರು, ಹುಟ್ಟಿದ ದಿನ, ಅಲರ್ಜಿ ಕೇಳುವುದು ಇಂಥ ಚಿಕ್ಕ ವಿಷಯದಲ್ಲೇ ಅನುಭವಸ್ಥರು ಬೀಳುತ್ತಾರೆ. ಹತ್ತು ವರ್ಷದ ಐಸಿಯು ಅನುಭವ ಇದ್ದವರೊಬ್ಬರು ಆಸ್ಕಿಯಲ್ಲಿ ಬಿದ್ದು ನನ್ನ ಮುಂದೆ ಕೂತು ಅತ್ತಿದ್ದನ್ನು ನೋಡಿದ್ದೇನೆ. ಅವರ ಕೈಗೆ ಕೆಲಸ ಚೆನ್ನಾಗಿ ಗೊತ್ತಿತ್ತು. ಮಾಡುವುದನ್ನು ಬಾಯಿಬಿಟ್ಟು ಹೇಳುತ್ತಾ ಮಾಡಬೇಕು ಎಂಬುದು ಗೊತ್ತಿರಲಿಲ್ಲ. ಟಿಕೆಟ್, ವಸತಿ, ಶುಲ್ಕ ಎಲ್ಲ ಸೇರಿ ಇದು ದುಬಾರಿ ಪರೀಕ್ಷೆ. ಏಜೆಂಟನಿಗೆ ಕೊಡಬೇಕೆಂದಿದ್ದ ದುಡ್ಡನ್ನು ಇಲ್ಲಿ ಹಾಕಲಿ.

ಗಂಡನ ಕಡೆಯದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಅಲ್ಲಿ ನಿಮಗೂ ಪಾತ್ರ ಇದೆ.

ವೆಲ್ಡರ್ ಎಂದರೆ ನಮಗೆ ಒಂದೇ ಕೆಲಸ. ಆಸ್ಟ್ರೇಲಿಯಾದ ಉದ್ಯೋಗ ಪಟ್ಟಿಯಲ್ಲಿ ಅಕ್ಕಪಕ್ಕ ಮೂರು ಇವೆ: 322311 ಮೆಟಲ್ ಫ್ಯಾಬ್ರಿಕೇಟರ್, 322312 ಪ್ರೆಶರ್ ವೆಲ್ಡರ್, 322313 ವೆಲ್ಡರ್ ಫಸ್ಟ್ ಕ್ಲಾಸ್. ಯಾವುದನ್ನು ಹಿಡಿಯಬೇಕು ಎಂಬುದು ವೀಸಾದಲ್ಲಿ ಬರೆದ ಹುದ್ದೆಯ ಮೇಲಲ್ಲ, ದಿನಾ ಮಾಡುವ ಕೆಲಸದ ಮೇಲೆ ಹೋಗುತ್ತದೆ. ಡ್ರಾಯಿಂಗ್ ಓದಿ, ಪ್ಲೇಟ್ ಕತ್ತರಿಸಿ, ಫಿಟ್-ಅಪ್ ಮಾಡಿ (ತುಂಡುಗಳನ್ನು ಜೋಡಿಸಿ), ಕೊನೆಗೆ ವೆಲ್ಡ್ ಹಾಕುವವನು ಫ್ಯಾಬ್ರಿಕೇಟರ್. ಬಾಯ್ಲರ್, ಪ್ರೆಶರ್ ವೆಸೆಲ್, ಪೈಪ್ ಮೇಲೆ 6ಜಿ ಪೊಸಿಷನ್‌ನಲ್ಲಿ (ಓರೆಯಾಗಿ ನಿಲ್ಲಿಸಿದ ಪೈಪ್‌ನ ಸುತ್ತ) ಕೂರುವವನು ಪ್ರೆಶರ್ ವೆಲ್ಡರ್ ಕಡೆಗೆ ಬರುತ್ತಾನೆ. ಇದನ್ನು ಅಳೆಯುವುದು ಟಿಆರ್‌ಎ, ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾ. ಮೊದಲು ದಾಖಲೆ ನೋಡುತ್ತಾರೆ. ಕೆಲವು ಕಸುಬುಗಳಿಗೆ ಆಮೇಲೆ ತಾಂತ್ರಿಕ ಸಂದರ್ಶನ ಅಥವಾ ಕೈಕೆಲಸದ ಪರೀಕ್ಷೆಯೂ ಇರುತ್ತದೆ. ಕಲಿಕೆಯ ವರ್ಷಗಳನ್ನು ಅನುಭವದಿಂದ ಕಳೆದುಬಿಡುವುದೂ ಉಂಟು. ಹಾಗಾಗಿ ಅವನ ಒಂಬತ್ತು ವರ್ಷ ಒಂಬತ್ತಾಗಿಯೇ ಉಳಿಯುತ್ತದೆ ಎಂದು ನಂಬಿಕೊಂಡು ಕೂರಬೇಡಿ. ಅರ್ಜಿ ಹೆಂಡತಿಯ ಹೆಸರಲ್ಲಿರಲಿ ಎನ್ನಲು ಇದೂ ಒಂದು ಕಾರಣ.

ಗಲ್ಫ್‌ನಲ್ಲಿ ತೊಂದರೆ ಶುರುವಾಗುವುದು ಕಾಗದದಲ್ಲಿ. ಕಂಪನಿಗೆ ಯಾವ ಹುದ್ದೆಯ ವೀಸಾ ಕೋಟಾ ಸಿಕ್ಕಿತೋ ಆ ಹುದ್ದೆಯಲ್ಲಿ ಜನರನ್ನು ತರುತ್ತಾರೆ. ಸೌದಿಯ ಜುಬೈಲ್‌ನಿಂದ ಒಬ್ಬ ಫಿಲಿಪಿನೋ ವೆಲ್ಡರ್ ನನ್ನ ಹತ್ತಿರ ಬಂದಿದ್ದ. ಕೈಕೆಲಸ ನೋಡಿದರೆ ಬೆಳ್ಳಿ ನಾಣ್ಯ ಜೋಡಿಸಿಟ್ಟ ಹಾಗೆ ಬೀಡ್, ಅಂದರೆ ವೆಲ್ಡಿನ ಸಾಲು. ಇಕಾಮಾದಲ್ಲಿ (ಸೌದಿಯ ವಾಸದ ಪರವಾನಗಿಯಲ್ಲಿ) ಮಾತ್ರ ತೋಟದ ಕೂಲಿ ಎಂದಿತ್ತು! ಕೊನೆಗೆ ಅವನನ್ನು ಉಳಿಸಿದ್ದು ಅವನ ಸ್ಟ್ಯಾಂಪ್ ನಂಬರ್. ನಿಮಗೆ ಗೊತ್ತಿರುವಂತೆ ಯಾರ್ಡ್‌ನಲ್ಲಿ ಪ್ರತಿ ವೆಲ್ಡರ್‌ಗೂ ಒಂದು ನಂಬರ್ ಕೊಡುತ್ತಾರೆ, ಜಾಯಿಂಟ್ ಪಕ್ಕದಲ್ಲಿ ಅದನ್ನೇ ಬರೆಯುತ್ತಾರೆ. ಅದೇ ನಂಬರ್ ಇದ್ದ ಕ್ವಾಲಿಫಿಕೇಶನ್ ಟೆಸ್ಟ್ ಸರ್ಟಿಫಿಕೇಟ್‌ಗಳು, ಗೇಟ್ ಪಾಸ್‌ಗಳು, ಬ್ಯಾಂಕಿಗೆ ಬಂದ ಸಂಬಳ ಇಷ್ಟನ್ನೂ ವರ್ಷವಾರು ಜೋಡಿಸಿದೆವು. ಎಂಟು ತಿಂಗಳು ಹೆಚ್ಚು ಹಿಡಿಯಿತು. ನಿಮ್ಮ ಗೆಳೆಯನ ಲೇಬರ್ ಕಾಂಟ್ರಾಕ್ಟ್‌ನಲ್ಲಿ ಯಾವ ಹುದ್ದೆ ಇದೆ ಎಂದು ಇವತ್ತೇ ನೋಡಿ. ಯುಎಇಯಲ್ಲಿ ಸಂಬಳ ಡಬ್ಲ್ಯೂಪಿಎಸ್ ಎಂಬ ಸರ್ಕಾರಿ ಸಂಬಳ ಪಾವತಿ ವ್ಯವಸ್ಥೆಯ ಮೂಲಕ ಬರುವುದರಿಂದ ಬ್ಯಾಂಕ್ ದಾಖಲೆಗೆ ಕಷ್ಟವಿಲ್ಲ. ಹಳೆಯ ಸ್ಟೇಟ್‌ಮೆಂಟ್‌ಗಳನ್ನು ಈಗಲೇ ತೆಗೆದಿಡಲಿ. ಖಾತೆ ಮುಚ್ಚಿದ ಮೇಲೆ ಬ್ಯಾಂಕ್ ಮುಂದೆ ನಿಂತರೆ ಸುಮ್ನೆ ಅಲೆದಾಟ.

ಹಾಗೆಂದು ಸುಳ್ಳು ಅನುಭವ ಪತ್ರ ಮಾಡಿಸುವ ಯೋಚನೆ ಯಾರಾದರೂ ಕೊಟ್ಟರೆ ಆ ಕಡೆ ತಲೆ ಹಾಕಬೇಡಿ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಅರ್ಜಿ ತಿರಸ್ಕಾರ ಆಗುತ್ತದೆ, ಜೊತೆಗೆ ಮೂರು ವರ್ಷ ಬಹುತೇಕ ವೀಸಾಗಳಿಗೆ ತಡೆ. ಅದೂ ಇಡೀ ಕುಟುಂಬಕ್ಕೆ.

ಇನ್ನು ವೀಸಾ. ಎಲ್ಲರ ಬಾಯಲ್ಲೂ 189. ಯಾರ ಪ್ರಾಯೋಜನೆಯೂ ಬೇಡ, ಬಂದ ದಿನದಿಂದ ಪಿಆರ್, ಎಲ್ಲಿ ಬೇಕಾದರೂ ಇರಬಹುದು. 190 ಕೂಡ ಪಿಆರ್, ಒಂದು ರಾಜ್ಯ ನಾಮನಿರ್ದೇಶನ ಮಾಡಬೇಕು, ಅದಕ್ಕೆ 5 ಅಂಕ ಹೆಚ್ಚು. 491ಕ್ಕೆ 15 ಅಂಕ ಹೆಚ್ಚು ಸಿಗುತ್ತದೆ, ಆದರೆ ಅದು ಐದು ವರ್ಷದ ತಾತ್ಕಾಲಿಕ ವೀಸಾ. 'ರೀಜನಲ್' ಎಂದು ಗುರುತಿಸಿದ ಕಡೆಯೇ ಇದ್ದು, ದುಡಿದು, ತೆರಿಗೆ ಕಟ್ಟಬೇಕು. ಮೂರು ವರ್ಷದ ತೆರಿಗೆ ನೋಟಿಸ್ ತೋರಿಸಿದರೆ 191 ಎಂಬ ಪಿಆರ್‌ಗೆ ಅರ್ಜಿ ಹಾಕಬಹುದು. ರೀಜನಲ್ ಎಂದ ಕೂಡಲೇ ಜನ ಮರುಭೂಮಿ, ಕಾಂಗರೂ ಎಂದುಕೊಳ್ಳುತ್ತಾರೆ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟರೆ ಉಳಿದದ್ದೆಲ್ಲ ರೀಜನಲ್. ಪರ್ತ್ ಕೂಡ, ಅಡಿಲೇಡ್ ಕೂಡ. ಹಡಗುಕಟ್ಟೆಯ ಕೆಲಸ ಗೊತ್ತಿರುವ ವೆಲ್ಡರ್‌ಗೆ ಪರ್ತ್ ಪಕ್ಕದ ಹೆಂಡರ್ಸನ್ ಯಾರ್ಡ್‌ಗಳು ಸಿಡ್ನಿಗಿಂತ ವಾಸಿ ಎಂದೇ ನನ್ನ ಲೆಕ್ಕ. ಆಹ್ವಾನ ಬಂದರೆ 60 ದಿನದೊಳಗೆ ಅರ್ಜಿ ಹಾಕಬೇಕು. 2025ರ ಜುಲೈನಿಂದ 189ರ ಶುಲ್ಕ ಮುಖ್ಯ ಅರ್ಜಿದಾರರಿಗೆ 4,910 ಆಸ್ಟ್ರೇಲಿಯನ್ ಡಾಲರ್, ಗಂಡ-ಮಕ್ಕಳದ್ದು ಬೇರೆ. ಶುಲ್ಕ ಸಾಮಾನ್ಯವಾಗಿ ಜುಲೈ 1ಕ್ಕೆ ಏರುತ್ತದೆ, ಆ ದಿನಕ್ಕೆ ಮುಂಚೆ ಕಟ್ಟಿದರೆ ಉಳಿತಾಯ.

ಅಂಕದ ಗೊಡವೆಯೇ ಬೇಡ ಎನ್ನುವವರಿಗೆ ಮಾಲೀಕನ ದಾರಿ ಇದೆ. 482 ಎಂಬ ಕೆಲಸದ ವೀಸಾ 2024ರ ಡಿಸೆಂಬರ್ 7ರಿಂದ 'ಸ್ಕಿಲ್ಸ್ ಇನ್ ಡಿಮ್ಯಾಂಡ್' ಎಂಬ ಹೊಸ ರೂಪದಲ್ಲಿದೆ. ಒಂದು ವರ್ಷದ ಅನುಭವ ಸಾಕು, ಇಂಗ್ಲಿಷ್ ಮಟ್ಟವೂ ಕಡಿಮೆ, ಐಇಎಲ್‌ಟಿಎಸ್ 5. ಎರಡು ವರ್ಷ ದುಡಿದ ಮೇಲೆ ಮಾಲೀಕ ನಾಮನಿರ್ದೇಶನ ಮಾಡಿದರೆ 186 ಎಂಬ ಪಿಆರ್. ಆಗ ಇಂಗ್ಲಿಷ್ 6 ಬೇಕು, ವಯಸ್ಸು 45ರೊಳಗೆ ಇರಬೇಕು. ಮುಂಚೆ ಮಾಲೀಕ ಕೈಬಿಟ್ಟರೆ ಹೊಸಬರನ್ನು ಹುಡುಕಲು 60 ದಿನ ಮಾತ್ರ ಇತ್ತು. 2024ರ ಜುಲೈನಿಂದ ಒಂದು ಸಲಕ್ಕೆ 180 ದಿನ ಸಿಗುತ್ತದೆ. ಗಲ್ಫ್‌ನಲ್ಲಿ ಒಬ್ಬನೇ ಕಫೀಲನ (ವೀಸಾ ಕೊಡಿಸಿದ ಮಾಲೀಕನ) ಕೈಯಲ್ಲಿ ಇದ್ದು ಬಂದವರಿಗೆ ಇದರ ಬೆಲೆ ಗೊತ್ತು. ವೆಲ್ಡರ್ ಗಂಡನಿಗೆ ಒಳ್ಳೆಯ ಕಂಪನಿ ಸಿಕ್ಕರೆ ಇದೂ ಆಗಬಹುದು. ಆದರೆ ಕೆಲಸ ಕೊಡಿಸಲು, ಸ್ಪಾನ್ಸರ್ ಮಾಡಲು ದುಡ್ಡು ಕೇಳುವುದೂ ಕೊಡುವುದೂ ಆಸ್ಟ್ರೇಲಿಯಾದ ಕಾನೂನಿನಲ್ಲಿ ತಪ್ಪು. 'ಸ್ಪಾನ್ಸರ್‌ಶಿಪ್ ರೇಟ್ ಇಷ್ಟು' ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಈಗ ಅವರ ದೇಶದ ಪೇಪರ್. ನಮಗೆ ಇದು ಹೊಸದು, ಫಿಲಿಪೀನ್ಸ್‌ನವರಿಗೆ ದಿನನಿತ್ಯದ ತಲೆನೋವು. ಅಲ್ಲಿ ಸರ್ಕಾರವೇ ದಶಕಗಳಿಂದ ಜನರನ್ನು ಹೊರದೇಶದ ಕೆಲಸಕ್ಕೆ ಕಳಿಸುತ್ತಾ ಬಂದಿದೆ, ಕಳಿಸುವಾಗ ಲೆಕ್ಕವನ್ನೂ ಇಡುತ್ತದೆ. ಇದಕ್ಕಾಗಿಯೇ 2021ರ ಕೊನೆಯಲ್ಲಿ ಡಿಎಂಡಬ್ಲ್ಯೂ ಎಂಬ ವಲಸೆ ಕಾರ್ಮಿಕರ ಇಲಾಖೆಗೆ ಕಾನೂನು ಮಾಡಿದರು. ಹಳೆಯ ಪಿಒಇಎ ಅದರೊಳಗೆ ಸೇರಿಹೋಯಿತು. ಕೆಲಸದ ವೀಸಾದಲ್ಲಿ ದೇಶ ಬಿಡುವ ಪ್ರತಿಯೊಬ್ಬರಿಗೂ ಒಇಸಿ ಎಂಬ ಪ್ರಮಾಣಪತ್ರ ಬೇಕು. ಇಲ್ಲದಿದ್ದರೆ ಮನಿಲಾ ವಿಮಾನ ನಿಲ್ದಾಣದಲ್ಲೇ ವಾಪಸ್.

ಇದರಲ್ಲಿ ಒಂದು ಬಲೆ ಇದೆ. ನಿಮ್ಮ ಗೆಳೆಯನಿಗೆ 482 ಸಿಕ್ಕಿತು ಎಂದಿಟ್ಟುಕೊಳ್ಳಿ. ಅಬುಧಾಬಿಯಿಂದ ನೇರ ಪರ್ತ್‌ಗೆ ಹಾರಿದರೆ ಅವನನ್ನು ಯಾರೂ ಕೇಳುವುದಿಲ್ಲ. ಕ್ರಿಸ್‌ಮಸ್‌ಗೆ ಊರಿಗೆ ಹೋಗಿ, ಮಕ್ಕಳ ಜೊತೆ ಎರಡು ವಾರ ಇದ್ದು ವಾಪಸ್ ಹೊರಟಾಗ ಕೇಳುತ್ತಾರೆ. ಹಳೆಯ ಒಇಸಿ ಅಬುಧಾಬಿ ಮಾಲೀಕನದ್ದು, ಹೊಸ ಮಾಲೀಕನ ಕಾಂಟ್ರಾಕ್ಟ್ ಪರಿಶೀಲನೆ ಆಗಿಲ್ಲ. ಹಾಗಾಗಿ ಊರಿಗೆ ಹೋಗುವ ಮುಂಚೆಯೇ, ಆಸ್ಟ್ರೇಲಿಯಾ ನೋಡಿಕೊಳ್ಳುವ ಅವರ ಮೈಗ್ರೆಂಟ್ ವರ್ಕರ್ಸ್ ಆಫೀಸ್‌ನಲ್ಲಿ ಹೊಸ ಕಾಂಟ್ರಾಕ್ಟ್ ಪರಿಶೀಲನೆ ಮಾಡಿಸಿಕೊಳ್ಳಬೇಕು.

ಪಿಆರ್ ವೀಸಾದಲ್ಲಿ ಊರಿನಿಂದ ಹೊರಟರೆ ಕಚೇರಿಯೇ ಬೇರೆ. ಆಗ ಅವರು ಕಾರ್ಮಿಕರಲ್ಲ, ವಲಸಿಗರು. ಸಿಎಫ್‌ಒ ಎಂಬ ಆಯೋಗದಲ್ಲಿ ನೋಂದಣಿ ಮಾಡಿಸಿ, ಒಂದು ಓರಿಯೆಂಟೇಶನ್‌ನಲ್ಲಿ ಕೂತು ಬರಬೇಕು. ಅಜ್ಜಿಯ ಮನೆಯಲ್ಲಿರುವ ಮಕ್ಕಳು ಅಪ್ಪ ಅಮ್ಮನ ಹತ್ತಿರ ಹೊರಡುವಾಗಲೂ ಈ ನೋಂದಣಿಯ ವಿಷಯ ಬರುತ್ತದೆ.

ಮಕ್ಕಳ ಬಗ್ಗೆ ಇನ್ನೊಂದು ಮಾತು, ಇದನ್ನು ಅವನಿಗೆ ಒತ್ತಿ ಹೇಳಿ. ಖರ್ಚು ಉಳಿಸಲು 'ಆಮೇಲೆ ಕರೆಸಿಕೊಳ್ಳೋಣ' ಎಂದು ಮಕ್ಕಳ ಹೆಸರನ್ನೇ ಬಿಡುವವರಿದ್ದಾರೆ. ಹಾಗೆ ಮಾಡಲೇಬಾರದು. ಜೊತೆಗೆ ಬರಲಿ ಬಿಡಲಿ, ಎಲ್ಲ ಮಕ್ಕಳ ಹೆಸರೂ ಅರ್ಜಿಯಲ್ಲಿರಬೇಕು, ವೈದ್ಯಕೀಯ ತಪಾಸಣೆಯೂ ಆಗಬೇಕು. ಕೆನಡಾದಲ್ಲಂತೂ ಆಗ ಹೇಳದೆ ಬಿಟ್ಟ ಮಗುವನ್ನು ಮುಂದೆ ಫ್ಯಾಮಿಲಿ ವೀಸಾದಲ್ಲಿ ಕರೆಸಿಕೊಳ್ಳುವ ಬಾಗಿಲೇ ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ. ಪೊಲೀಸ್ ಕ್ಲಿಯರೆನ್ಸ್ ಕಳೆದ ಹತ್ತು ವರ್ಷದಲ್ಲಿ ಒಟ್ಟು ಹನ್ನೆರಡು ತಿಂಗಳು ಇದ್ದ ಪ್ರತಿ ದೇಶದಿಂದಲೂ ಬೇಕು. ಇವರಿಗೆ ಯುಎಇಯದ್ದು ಮತ್ತು ಫಿಲಿಪೀನ್ಸ್‌ನ ತನಿಖಾ ಸಂಸ್ಥೆ ಎನ್‌ಬಿಐ ಕೊಡುವ ಕ್ಲಿಯರೆನ್ಸ್. ಎನ್‌ಬಿಐಗೆ ಬೆರಳಚ್ಚನ್ನು ಅವರ ರಾಯಭಾರ ಕಚೇರಿಯಲ್ಲೇ ಕೊಟ್ಟು ಕಳಿಸಬಹುದು.

ಬೇರೆ ದೇಶಗಳನ್ನೂ ಒಮ್ಮೆ ನೋಡಿ ಬರೋಣ. ಈ ಮನೆಗೆ ನ್ಯೂಜಿಲೆಂಡ್ ಒಳ್ಳೆಯ ಎರಡನೇ ದಾರಿ. ರಿಜಿಸ್ಟರ್ಡ್ ನರ್ಸ್‌ಗಳು 2022ರ ಡಿಸೆಂಬರ್‌ನಿಂದ ಅಲ್ಲಿನ ಗ್ರೀನ್ ಲಿಸ್ಟ್ ಎಂಬ ಬೇಡಿಕೆಯ ಉದ್ಯೋಗಗಳ ಪಟ್ಟಿಯ ಮೊದಲ ದರ್ಜೆಯಲ್ಲಿದ್ದಾರೆ. ಮಾನ್ಯತೆ ಪಡೆದ ಮಾಲೀಕರಿಂದ ಕೆಲಸ ಸಿಕ್ಕರೆ ನೇರ ರೆಸಿಡೆನ್ಸ್‌ಗೆ ಅರ್ಜಿ ಹಾಕಬಹುದು, ವಯಸ್ಸಿನ ಮಿತಿ 55. ಅಲ್ಲೂ ಥಿಯರಿ ಪರೀಕ್ಷೆ ಇದೆ, ಕ್ರೈಸ್ಟ್‌ಚರ್ಚ್‌ನಲ್ಲಿ ಆಸ್ಕಿ ಇದೆ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಅಂಕಪದ್ಧತಿಯಲ್ಲಿ ವಯಸ್ಸಿನ ಅಂಕ 30ರಿಂದಲೇ ಇಳಿಯಲು ಶುರು. ಕೆಲಸದ ಆಫರ್‌ಗೆ ಸಿಗುತ್ತಿದ್ದ ಅಂಕವನ್ನು 2025ರ ಮಾರ್ಚ್‌ನಲ್ಲಿ ತೆಗೆದರು. ಪ್ರಾಂತ್ಯವೊಂದು ನಾಮನಿರ್ದೇಶನ ಮಾಡಿದರೆ ಮಾತ್ರ 600 ಅಂಕ ಒಟ್ಟಿಗೆ ಬೀಳುತ್ತದೆ. ವಿನಿಪೆಗ್‌ನಲ್ಲಿ ಇವರಿಗೆ ಹತ್ತಿರದ ಸಂಬಂಧಿಕರಿದ್ದಾರಾ ಕೇಳಿ. ಅಲ್ಲಿ 1960ರ ದಶಕದ ಕೊನೆಯಲ್ಲಿ ಬಟ್ಟೆ ಫ್ಯಾಕ್ಟರಿಗೆ ಬಂದ ಫಿಲಿಪಿನೋ ಹೆಣ್ಣುಮಕ್ಕಳಿಂದ ಬೆಳೆದ ದೊಡ್ಡ ಸಮುದಾಯವಿದೆ, ಮ್ಯಾನಿಟೋಬಾ ಪ್ರಾಂತ್ಯ ಸಂಬಂಧಿಕರಿರುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸಂಬಂಧಿಕರು ಇಲ್ಲದಿದ್ದರೆ ಕೆನಡಾ ಇವರ ಮೊದಲ ಆಯ್ಕೆ ಆಗಬೇಕಿಲ್ಲ.

ನಿಮ್ಮ ವಿಷಯ. 41 ಎಂದರೆ ವಯಸ್ಸಿಗೆ 15 ಅಂಕ, 45 ತುಂಬಿದರೆ ಈ ದಾರಿಯೇ ಇಲ್ಲ. ಡಿಪ್ಲೊಮಾವನ್ನು ಆಸ್ಟ್ರೇಲಿಯಾದವರು ಒಪ್ಪಿದರೆ 10, ಎಂಟು ವರ್ಷ ಮೀರಿದ ಅನುಭವಕ್ಕೆ 15. ಇಂಗ್ಲಿಷ್‌ನಲ್ಲಿ ಎಲ್ಲ ಕಡೆ 8 ಬಂದರೆ 20, ಅಲ್ಲಿಗೆ 60. ಹೆಂಡತಿಯ ಇಂಗ್ಲಿಷ್ 6ರ ಮಟ್ಟದಲ್ಲಿದ್ದರೆ 5 ಸೇರಿ 65. ನಿಜ ಹೇಳುತ್ತೇನೆ, ನಿಮಗೆ 491 ಅಥವಾ ಮಾಲೀಕನ 482 ಬಿಟ್ಟರೆ ಬೇರೆ ದಾರಿ ಬಿಗಿ. ಸೂಪರ್‌ವೈಸರ್ ಎಂಬ ಹುದ್ದೆಯ ಹಿಂದೆ ಯಾವ ಕಸುಬು ಇದೆ ಎಂಬುದೂ ಪ್ರಶ್ನೆಯೇ. ನೀವು ಫಿಟ್ಟರ್ ಆಗಿ ಶುರು ಮಾಡಿದವರಾ, ಮೆಕ್ಯಾನಿಕಲ್ ಟೆಕ್ನಿಶಿಯನ್ ಆಗಿಯಾ? ಅದನ್ನು ಬರೆದು ಕಳಿಸಿ, ನೋಡೋಣ. ನಮಗೆ ಒಇಸಿಯಂಥ ಕಾಟವಿಲ್ಲ. ಇಸಿಆರ್ (ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕಾದ) ಪಾಸ್‌ಪೋರ್ಟ್‌ನವರಿಗೂ ಆಸ್ಟ್ರೇಲಿಯಾಗೆ ಎಮಿಗ್ರೇಶನ್ ಕ್ಲಿಯರೆನ್ಸ್ ಬೇಡ, ಅದು ಗಲ್ಫ್‌ನಂಥ ಕೆಲವು ದೇಶಗಳಿಗೆ ಮಾತ್ರ. ಆದರೆ ಒಂದು ವಿಷಯದಲ್ಲಿ ಅವರು ನಮಗಿಂತ ಪುಣ್ಯವಂತರು. ಮುಂದೆ ಆಸ್ಟ್ರೇಲಿಯಾ ಪೌರತ್ವ ತೆಗೆದುಕೊಂಡರೂ 2003ರ ಒಂದು ಕಾಯ್ದೆಯ ಪ್ರಕಾರ ಫಿಲಿಪೀನ್ಸ್ ಪೌರತ್ವವನ್ನು ಮರಳಿ ಪಡೆಯಬಹುದು. ನಾವು ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ ಕಾರ್ಡ್ ಹಿಡಿದುಕೊಳ್ಳಬೇಕು.

ಕೊನೆಗೆ ನಿಮ್ಮಿಂದ ಆಗಬೇಕಾದ ಕೆಲಸ. ಟಿಆರ್‌ಎಗೆ ಕೊಡುವ ಅನುಭವ ಪತ್ರವನ್ನು ಎಚ್‌ಆರ್‌ನವರು ಮೂರು ಸಾಲಿನಲ್ಲಿ ಮುಗಿಸುತ್ತಾರೆ: ಇಂಥವರು ಇಂಥ ವರ್ಷದಿಂದ ವೆಲ್ಡರ್ ಆಗಿದ್ದಾರೆ, ನಡತೆ ಒಳ್ಳೆಯದು, ಶುಭ ಹಾರೈಸುತ್ತೇವೆ. ಅದು ರದ್ದಿಗೆ ಸಮ. ನೀವೇ ಕೂತು ಕರಡು ಮಾಡಿ. ಸೇರಿದ ತಾರೀಕು, ವಾರಕ್ಕೆ ಎಷ್ಟು ತಾಸು, ಸಂಬಳ ಎಷ್ಟು ಬರೆಯಿರಿ. ಆರ್ಕ್ ವೆಲ್ಡಿಂಗ್ ಎಷ್ಟು, ಆರ್ಗಾನ್ ವೆಲ್ಡಿಂಗ್ ಎಷ್ಟು, ಕಾರ್ಬನ್ ಸ್ಟೀಲಾ, ಸ್ಟೇನ್‌ಲೆಸ್ಸಾ, ಯಾವ ಪೊಸಿಷನ್, ಯಾವ ಯಂತ್ರ, ಡ್ರಾಯಿಂಗ್ ಓದುತ್ತಾನಾ, ಎಕ್ಸ್‌ರೇಯಲ್ಲಿ ಜಾಯಿಂಟ್ ಫೇಲ್ ಆದರೆ ತಾನೇ ರಿಪೇರಿ ಮಾಡುತ್ತಾನಾ, ಎಲ್ಲವನ್ನೂ ಬರೆಯಿರಿ. ಸ್ಟ್ಯಾಂಪ್ ನಂಬರ್ ಬಿಡಬೇಡಿ. ಕಂಪನಿ ಲೆಟರ್‌ಹೆಡ್‌ನಲ್ಲಿ ಎಚ್‌ಆರ್ ಸಹಿ ಇರಲಿ, ನೇರ ಮೇಲ್ವಿಚಾರಕ ಎಂದು ಕೆಳಗೆ ನಿಮ್ಮ ಹೆಸರು, ಮೊಬೈಲ್ ನಂಬರ್ ಇರಲಿ. ಟಿಆರ್‌ಎಯವರು ಪರಿಶೀಲನೆಗೆ ಫೋನ್ ಮಾಡುವುದುಂಟು. ಅಲ್ಲಿಗೂ ನಿಮಗೂ ಆರೇಳು ತಾಸಿನ ವ್ಯತ್ಯಾಸ, ನಸುಕಿನಲ್ಲೇ ಬರಬಹುದು. +61ರಿಂದ ಶುರುವಾಗುವ ನಂಬರ್ ಕಂಡರೆ ಸ್ಪ್ಯಾಮ್ ಎಂದು ಕಟ್ ಮಾಡಬೇಡಿ.